ಬಸ್ ಟಿಕೆಟ್ ಮೊಬೈಲಿಗೆ ಬರುವಾಗ: ಕಷ್ಟವಿರುವುದು ಹಣ ಕಟ್ಟುವ ಪರದೆಯಲ್ಲಲ್ಲ

ಬೆಂಗಳೂರಿನಲ್ಲಿ ಮೆಟ್ರೊ ಟಿಕೆಟ್ಟನ್ನು ಮೊಬೈಲಿನಲ್ಲಿ ಕೊಳ್ಳುವುದು ಈಗ ಯಾರಿಗೂ ಹೊಸದಲ್ಲ. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ನಮ್ಮ ಮೆಟ್ರೊ ತನ್ನ ಆ್ಯಪ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಕ್ಯುಆರ್ ಟಿಕೆಟ್ ಕೊಡಲು ಆರಂಭಿಸಿತು. ಮರುವರ್ಷ ಒಂದೇ ಕ್ಯುಆರ್‌ನಲ್ಲಿ ಆರು ಮಂದಿಯವರೆಗೆ ಹೋಗಬಹುದಾದ ಗುಂಪು ಟಿಕೆಟ್ ಬಂತು. 2025ರಲ್ಲಿ ಒಎನ್‌ಡಿಸಿ ಎಂಬ, ಬೇರೆ ಬೇರೆ ಆ್ಯಪ್‌ಗಳನ್ನೂ ಮಾರಾಟಗಾರರನ್ನೂ ಜೋಡಿಸುವ ಮುಕ್ತ ಡಿಜಿಟಲ್ ವ್ಯಾಪಾರ ಜಾಲದ ಮೂಲಕ ನಮ್ಮ ಯಾತ್ರಿ, ರ‍್ಯಾಪಿಡೊ, ರೆಡ್‌ಬಸ್ ಮುಂತಾದ ಬೇರೆ ಬೇರೆ ಆ್ಯಪ್‌ಗಳಲ್ಲೂ ಅದೇ ಟಿಕೆಟ್ ಸಿಗತೊಡಗಿತು. ನಿಲ್ದಾಣದ ಟಿಕೆಟ್ ಕೌಂಟರಿನ ಮುಂದೆ ನಿಲ್ಲದೆ, ನಡೆಯುತ್ತಲೇ ಟಿಕೆಟ್ ಕೊಂಡು ಗೇಟಿಗೆ ಮೊಬೈಲ್ ಹಿಡಿದು ಒಳಹೋಗುವವರು ದಿನವೂ ಕಾಣುತ್ತಾರೆ.

ಅದೇ ಊರಿನ ಬಿಎಂಟಿಸಿ ಬಸ್ಸಿನ ಚಿತ್ರ ಬೇರೆ. ಬಸ್ ಪಾಸು 2022ರಿಂದಲೇ ಟುಮಾಕ್ ಆ್ಯಪ್‌ನಲ್ಲಿ ಸಿಗುತ್ತಿದೆ, ಕಂಡಕ್ಟರ್‌ಗೆ ಯುಪಿಐ ಮೂಲಕ ಹಣ ಕೊಡುವುದೂ ಮಾಮೂಲಾಗಿದೆ. ಆದರೆ ಯಶವಂತಪುರದಿಂದ ಮಲ್ಲೇಶ್ವರಕ್ಕೆ ಹೋಗುವ ಒಂದು ಬಿಡಿ ಟಿಕೆಟ್ ಹೆಚ್ಚಿನವರ ಪಾಲಿಗೆ ಇಂದಿಗೂ ಕಂಡಕ್ಟರ್ ಕೈಯ ಇಟಿಎಂ ಯಂತ್ರದಿಂದ ಹೊರಬರುವ ಕಾಗದದ ಚೀಟಿಯೇ. ಸಾರಿಗೆ ನಿಗಮ ತಂತ್ರಜ್ಞಾನದಲ್ಲಿ ಹಿಂದುಳಿದಿದೆ ಎಂದು ಇದಕ್ಕೆ ಸಾಮಾನ್ಯವಾಗಿ ಕಾರಣ ಹೇಳುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಬಿಡಿ ಬಸ್ ಟಿಕೆಟ್ಟನ್ನು ಮೊಬೈಲಿಗೆ ತರುವುದು ಮೆಟ್ರೊ ಟಿಕೆಟ್ಟನ್ನು ತರುವುದಕ್ಕಿಂತ ಬಹಳ ಕಠಿಣವಾದ ಕೆಲಸ, ಮತ್ತು ಆ ಕಾಠಿಣ್ಯ ಮುಖ್ಯವಾಗಿ ಇರುವುದು ಹಣ ಪಾವತಿಯಲ್ಲಿ ಅಲ್ಲ. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಆ ಮೊಬೈಲಿನತ್ತ ನೋಡಿ, ಅದರಲ್ಲಿರುವುದನ್ನು ನಂಬಿ, ಮುಂದಿನ ಪ್ರಯಾಣಿಕರತ್ತ ಹೋಗಬೇಕಾದ ಎರಡು ಮೂರು ಸೆಕೆಂಡುಗಳಲ್ಲಿ ಅದು ಅಡಗಿದೆ. ಆ್ಯಪ್ ರೂಪಿಸುವವರು ಆ ಗಳಿಗೆಯಿಂದ ಆರಂಭಿಸಿ ಹಿಂದಕ್ಕೆ ಯೋಚಿಸುತ್ತ ಬರಬೇಕು, ಹಣ ಕಟ್ಟುವ ಪರದೆಯನ್ನು ಕೊನೆಗೆ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ವಾದ.

ಗೇಟು ಮತ್ತು ಸ್ಟೇಜು

ಮೆಟ್ರೊದಲ್ಲಿ ಒಳಹೋಗುವ ಗೇಟಿದೆ, ಹೊರಬರುವ ಗೇಟಿದೆ. ನಿಲ್ದಾಣಗಳ ಸಂಖ್ಯೆ ಸೀಮಿತ, ಪ್ರತಿಯೊಂದಕ್ಕೂ ಗೊತ್ತಾದ ಒಂದು ಹೆಸರು, ಯಾವ ಎರಡು ನಿಲ್ದಾಣಗಳ ನಡುವೆ ಎಷ್ಟು ದರ ಎಂಬುದು ಮೊದಲೇ ನಿಗದಿ. ಯಾವ ರೈಲು ಮೊದಲು ಬಂದರೂ ದರ ಬದಲಾಗುವುದಿಲ್ಲ. ಟಿಕೆಟ್ ಅಸಲಿಯೋ ನಕಲಿಯೋ ಎಂಬುದನ್ನು ಮನುಷ್ಯರು ತೀರ್ಮಾನಿಸಬೇಕಾಗಿಲ್ಲ. ನಿಲ್ದಾಣದ ಜಾಲಕ್ಕೆ ಸದಾ ಜೋಡಿಸಿಕೊಂಡಿರುವ ಗೇಟು ತೀರ್ಮಾನಿಸುತ್ತದೆ. ಕೆಎಸ್‌ಆರ್‌ಟಿಸಿಯ ದೂರದ ಬಸ್ಸುಗಳ ಮುಂಗಡ ಬುಕಿಂಗ್ ವ್ಯವಸ್ಥೆಯಾದ 'ಅವತಾರ್' ಕೂಡ ವರ್ಷಗಳಿಂದ ನಡೆದುಕೊಂಡು ಬಂದಿರುವುದು ಇಂಥದೇ ಖಚಿತತೆಯ ಬಲದಿಂದ. ಬಸ್ಸು ಯಾವುದು, ಹೊರಡುವ ಹೊತ್ತು ಎಷ್ಟು, ಸೀಟಿನ ನಂಬರ್ ಯಾವುದು ಎಂಬುದೆಲ್ಲ ಹಣ ಕಟ್ಟುವ ಮೊದಲೇ ಗೊತ್ತಿರುತ್ತದೆ.

ನಗರದ ಬಸ್ಸಿನಲ್ಲಿ ಇವು ಯಾವುವೂ ಇಲ್ಲ. ಬನಶಂಕರಿಯಲ್ಲಿ ಮಾರತ್‌ಹಳ್ಳಿಯ ಬಸ್ಸಿಗೆ ಕಾಯುತ್ತಿರುವವರಿಗೆ ಮುಂದೆ ಬರುವುದು ಸಾಮಾನ್ಯ ಬಸ್ಸೋ ಎಸಿ ಇರುವ ವಜ್ರ ಬಸ್ಸೋ ತಿಳಿಯದು. ಎರಡರ ದರ ಬೇರೆ. ನೇರ ಬಸ್ಸು ಬಾರದೆ ಇದ್ದರೆ ಸಿಲ್ಕ್ ಬೋರ್ಡ್‌ವರೆಗೆ ಒಂದರಲ್ಲಿ ಹೋಗಿ ಅಲ್ಲಿ ಇನ್ನೊಂದನ್ನು ಹತ್ತುವ ನಿರ್ಧಾರ ಆ ಕ್ಷಣದಲ್ಲಿ ಆಗುತ್ತದೆ. ದರ ಲೆಕ್ಕ ಹಾಕುವುದು ನಿಲ್ದಾಣದ ಮೇಲಲ್ಲ, ಸುಮಾರು ಎರಡು ಕಿಲೋಮೀಟರಿಗೆ ಒಂದರಂತೆ ಗುರುತು ಮಾಡಿರುವ ಸ್ಟೇಜಿನ ಮೇಲೆ. ಒಂದು ಸ್ಟೇಜಿನೊಳಗೆ ಎರಡು ಮೂರು ನಿಲ್ದಾಣಗಳು ಇರಬಹುದು, ಅವುಗಳ ಹೆಸರು ಹಲಗೆಯಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ಬಸ್ಸಿನೊಳಗೆ ನಡೆಯುವ ಮಾತನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. "ಎಲ್ಲಿಗಮ್ಮಾ?" ಎಂದು ಕಂಡಕ್ಟರ್ ಕೇಳುತ್ತಾರೆ. "ಆ ದೊಡ್ಡ ಆಸ್ಪತ್ರೆ ಇದೆಯಲ್ಲಾ, ಅದರ ಮುಂಚಿನ ಸಿಗ್ನಲ್ಲು" ಎಂದು ಉತ್ತರ ಬರುತ್ತದೆ. ಕಂಡಕ್ಟರ್ ಆ ಗುರುತನ್ನು ಮನಸ್ಸಿನಲ್ಲೇ ಸ್ಟೇಜಿಗೆ ಹೊಂದಿಸಿ, ಯಂತ್ರದಲ್ಲಿ ಒಂದೆರಡು ಗುಂಡಿ ಒತ್ತಿ ಟಿಕೆಟ್ ಹರಿದು ಕೊಡುತ್ತಾರೆ. ಇಷ್ಟು ಅರಿವು ಬೇಡುವ ಕೆಲಸವನ್ನು ಆ್ಯಪ್ ಒಂದು ಹುಡುಕುವ ಪೆಟ್ಟಿಗೆಗೆ ವಹಿಸಿಬಿಡುತ್ತದೆ, ಮತ್ತು ತಪ್ಪಿದರೆ ಹೊಣೆಯನ್ನು ಪ್ರಯಾಣಿಕರ ಮೇಲೆ ಹಾಕುತ್ತದೆ. ಒಂದು ಸ್ಟೇಜ್ ಕಡಿಮೆಗೆ ಟಿಕೆಟ್ ಕೊಂಡವರು ತನಿಖಾ ಸಿಬ್ಬಂದಿಯ ಕಣ್ಣಿಗೆ ಟಿಕೆಟ್ಟಿಲ್ಲದವರೇ.

ಪಾಸು ಮೊದಲು ಮೊಬೈಲಿಗೆ ಬಂದು ಬಿಡಿ ಟಿಕೆಟ್ ಹಿಂದುಳಿದದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಪಾಸಿಗೆ ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆಯೇ ಇಲ್ಲ. ಯಾರು, ಯಾವ ಬಗೆಯ ಬಸ್ಸು, ಯಾವ ದಿನದವರೆಗೆ ಎಂಬ ಮೂರು ಸಂಗತಿ ಸಾಕು.

ಬಿಡಿ ಟಿಕೆಟ್‌ಗೆ ಮುಖ್ಯವಾಗಿ ಮೂರು ದಾರಿಗಳಿವೆ. ಬಸ್ಸು ಹತ್ತುವ ಮೊದಲೇ ಆ್ಯಪ್‌ನಲ್ಲಿ ಎರಡು ನಿಲ್ದಾಣಗಳನ್ನು ಆರಿಸಿ ಕೊಂಡು, ಹತ್ತಿದ ಮೇಲೆ ತೋರಿಸುವುದು ಮೊದಲನೆಯದು. ಬಸ್ಸು ಹತ್ತಿದ ಮೇಲೆ ಅದರಲ್ಲಿ ಅಂಟಿಸಿರುವ ಕ್ಯುಆರ್ ಸ್ಕ್ಯಾನ್ ಮಾಡಿ, ಇಳಿಯುವ ಜಾಗವನ್ನಷ್ಟೇ ಆರಿಸಿ ಕೊಳ್ಳುವುದು ಎರಡನೆಯದು. ಕಂಡಕ್ಟರ್ ತಮ್ಮ ಯಂತ್ರದಲ್ಲೇ ಟಿಕೆಟ್ ಸಿದ್ಧಪಡಿಸಿ, ಅದೇ ಮೊತ್ತದ ಕ್ಯುಆರ್ ತೋರಿಸಿ ಹಣ ಪಡೆಯುವುದು ಮೂರನೆಯದು. ಮೊದಲನೆಯದು ಮೆಟ್ರೊದ ನಕಲು; ಮೇಲೆ ಹೇಳಿದ ಎಲ್ಲ ಅನಿಶ್ಚಿತತೆಯೂ ಅದರಲ್ಲಿ ಪ್ರಯಾಣಿಕರ ತಲೆಗೆ ಬರುತ್ತದೆ. ಮೂರನೆಯದರಲ್ಲಿ ಕಂಡಕ್ಟರ್‌ರ ಅರಿವು ಉಳಿಯುತ್ತದೆ, ಆದರೆ ಪ್ರತಿ ಟಿಕೆಟ್‌ಗೆ ಅವರು ಹಣ ಬರುವವರೆಗೆ ಕಾಯಬೇಕಾಗುತ್ತದೆ, ಮತ್ತು ದಟ್ಟಣೆಯ ಹೊತ್ತಿನಲ್ಲಿ ಕಾಯುವಿಕೆ ಎಂದರೆ ಮುಂದಿನ ಸ್ಟೇಜ್ ಬರುವಷ್ಟರಲ್ಲಿ ಟಿಕೆಟ್ ಕೊಡಲಾಗದೆ ಉಳಿಯುವ ಪ್ರಯಾಣಿಕರು.

ನನ್ನ ಒಲವು ಎರಡನೆಯದರತ್ತ. ಬಸ್ಸುಗಳು ಈ ಹೊತ್ತಿನಲ್ಲಿ ಎಲ್ಲಿವೆ ಎಂಬ ಮಾಹಿತಿ ನಿಗಮದ ಬಳಿ ಇದೆ. 2023ರಲ್ಲಿ ಬಂದ 'ನಮ್ಮ ಬಿಎಂಟಿಸಿ' ಆ್ಯಪ್ ತೋರಿಸುವುದೇ ಅದನ್ನು. ಬಸ್ಸಿನ ಗುರುತು ಸಿಕ್ಕಿದೊಡನೆ ಅದರ ಬಗೆ, ಅದು ಓಡುತ್ತಿರುವ ಮಾರ್ಗ, ಈಗಿರುವ ಸ್ಟೇಜ್ ಇವೆಲ್ಲವನ್ನೂ ಆ್ಯಪ್ ತಾನೇ ತುಂಬಿಕೊಳ್ಳಬಹುದು. ಪ್ರಯಾಣಿಕರು ಆ ಮಾರ್ಗದಲ್ಲಿ ಮುಂದೆ ಬರುವ ನಿಲ್ದಾಣಗಳ ಪಟ್ಟಿಯಿಂದ ತಮ್ಮದನ್ನು ಮುಟ್ಟಿದರಾಯಿತು. ಆದರೆ ಅಂಟಿಸಿದ ಒಂದೇ ಕ್ಯುಆರ್ ಸಾಲದು. ಬೆಳಗಿನ ಎಂಟೂವರೆಗೆ ನಿಂತು ಹೋಗುವ ಬಸ್ಸಿನಲ್ಲಿ ಮುಂದಿನ ಬಾಗಿಲಿನ ಬಳಿ ನಿಂತವರಿಗೆ ನಾಲ್ಕಡಿ ಆಚೆಯ ಸ್ಟಿಕ್ಕರ್ ಮುಟ್ಟಲು ಆಗುವುದಿಲ್ಲ. ಸೀಟುಗಳ ಹಿಂಬದಿಯಲ್ಲಿ, ಕಿಟಕಿಗಳ ಮೇಲೆ ದಪ್ಪಕ್ಷರದಲ್ಲಿ ನಾಲ್ಕಂಕಿಯ ಬಸ್ ಸಂಖ್ಯೆ ಬರೆದಿದ್ದು, ಅದನ್ನು ಟೈಪ್ ಮಾಡಿದರೂ ಕೆಲಸವಾಗಬೇಕು. ಜಿಪಿಎಸ್ ತಪ್ಪಿ ಬಸ್ಸು ಯಾವ ಸ್ಟೇಜಿನಲ್ಲಿದೆ ಎಂಬ ಗೊಂದಲ ಹುಟ್ಟಿದಾಗ ಪ್ರಯಾಣಿಕರಿಗೆ ಕಡಿಮೆ ದರದ ಸ್ಟೇಜನ್ನೇ ಕೊಡಬೇಕು ಎಂಬ ನಿಯಮ ಮೊದಲೇ ಬರೆದಿರಬೇಕು. ಅದರಿಂದ ನಿಗಮಕ್ಕೆ ಆಗುವ ನಷ್ಟ ಅಲ್ಪ. ಅದಿಲ್ಲದಿದ್ದರೆ ಬಸ್ಸಿನಲ್ಲಿ ನಡೆಯುವ ವಾಗ್ವಾದ ದೊಡ್ಡದು.

ಹಣ ಹೋಗಿ ಟಿಕೆಟ್ ಬಾರದಿದ್ದಾಗ

ಪಾವತಿ ಸುಲಭ ಎಂದು ನಾನು ಹೇಳುತ್ತಿಲ್ಲ; ಅದು ಬಗೆಹರಿದ ಸಮಸ್ಯೆಯಂತೆ ಕಾಣುತ್ತದೆ, ಒಂದು ಸಂದರ್ಭವನ್ನು ಬಿಟ್ಟು. ಆ ಒಂದು ಸಂದರ್ಭದಲ್ಲೇ ಜನರ ನಂಬಿಕೆ ಮುರಿಯುತ್ತದೆ. ಪ್ರಯಾಣಿಕರು ಪಿನ್ ಒತ್ತಿದ್ದಾರೆ, ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಬಂದಿದೆ, ಆದರೆ ಆ್ಯಪ್‌ನಲ್ಲಿ ಚಕ್ರ ಸುತ್ತುತ್ತಲೇ ಇದೆ. ಬಸ್ಸು ಫ್ಲೈಓವರ್ ಕೆಳಗೆ ನಿಂತಿದೆ, ನೆಟ್‌ವರ್ಕ್ ಇಲ್ಲ. "ಬಂತಾ ಸಾರ್?" ಎಂದು ಕಂಡಕ್ಟರ್ ಕೇಳುತ್ತಾರೆ. "ಹಣ ಹೋಗಿದೆ, ನೋಡಿ" ಎಂದು ಪ್ರಯಾಣಿಕರು ಬ್ಯಾಂಕಿನ ಸಂದೇಶ ತೋರಿಸುತ್ತಾರೆ. "ನಮ್ಮ ಕಡೆ ಬಂದಿಲ್ಲ ಸಾರ್" ಎನ್ನುವುದು ಬಿಟ್ಟು ಕಂಡಕ್ಟರ್‌ಗೆ ಬೇರೆ ದಾರಿಯಿಲ್ಲ, ಏಕೆಂದರೆ ದಿನದ ಕೊನೆಗೆ ಡಿಪೊದಲ್ಲಿ ವೇಬಿಲ್ (ಟಿಕೆಟ್ ಮಾರಾಟದ ಲೆಕ್ಕಪತ್ರ) ಪ್ರಕಾರ ಲೆಕ್ಕ ಒಪ್ಪಿಸಬೇಕಾದವರು ಅವರು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಇಬ್ಬರೂ ಪರಸ್ಪರ ಅನುಮಾನಿಸಬೇಕಾದ ಸ್ಥಿತಿಯನ್ನು ವ್ಯವಸ್ಥೆ ಸೃಷ್ಟಿಸಿದೆ.

ಇಂಥ ಹಣ ಮರಳಿ ಬರುವುದಿಲ್ಲವೆಂದಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಮಾಡಿದ ಪಾವತಿ ಖಾತೆಯಿಂದ ಕಡಿತವಾಗಿ ವ್ಯಾಪಾರಿಯ ಕಡೆ ದೃಢಪಡದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಅಂಗಡಿಯ ವಹಿವಾಟಿಗೆ ಈ ನಿಯಮ ಸಾಕು. ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಾದವರಿಗೆ ಐದು ದಿನದ ಭರವಸೆಯಿಂದ ಉಪಯೋಗವಿಲ್ಲ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ವ್ಯತ್ಯಯಗೊಂಡಾಗ ಇದು ಒಬ್ಬಿಬ್ಬರ ತೊಂದರೆಯಾಗಿರಲಿಲ್ಲ. ನೋಟು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದ ಅಸಂಖ್ಯ ಜನ ಒಂದೇ ಹೊತ್ತಿಗೆ ಬರಿಗೈಯಲ್ಲಿ ನಿಂತರು.

ಇಲ್ಲಿ ವಿನ್ಯಾಸ ಮಾಡಬಹುದಾದದ್ದು ಬಹಳಷ್ಟಿದೆ. ಟಿಕೆಟ್‌ಗೆ ಸಂದಾಯವಾಗಿದೆ, ಇಲ್ಲ ಎಂಬ ಎರಡೇ ಸ್ಥಿತಿಗಳಿವೆ ಎಂದು ಭಾವಿಸಿ ಬರೆದ ತಂತ್ರಾಂಶ ಮೂರನೆಯ ಸ್ಥಿತಿ ಎದುರಾದಾಗ ಸುಮ್ಮನೆ ಚಕ್ರ ಸುತ್ತಿಸುತ್ತದೆ. 'ಹಣ ಹೊರಟಿದೆ, ತಲುಪಿದ್ದು ದೃಢಪಟ್ಟಿಲ್ಲ' ಎಂಬುದನ್ನು ಮೊದಲ ದಿನದಿಂದಲೇ ಒಂದು ಪೂರ್ಣ ಸ್ಥಿತಿಯಾಗಿ ಗುರುತಿಸಬೇಕು, ಅದಕ್ಕೆ ತನ್ನದೇ ಪರದೆ ಇರಬೇಕು, ಆ ಪರದೆಯಲ್ಲಿ 'ಮತ್ತೆ ಹಣ ಕಟ್ಟಬೇಡಿ' ಎಂಬ ಮಾತು ಎಲ್ಲಕ್ಕಿಂತ ಮೇಲಿರಬೇಕು. ಗಾಬರಿಯಲ್ಲಿ ಪ್ರಯಾಣಿಕರು ಎರಡನೇ ಸಲ ಒತ್ತಿದರೂ ಎರಡನೇ ಸಲ ಹಣ ಕಡಿತವಾಗಬಾರದು. ಪ್ರತಿ ಖರೀದಿಗೂ ಆರಂಭದಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯಡಿ ಬರುವ ಎರಡನೇ ಕೋರಿಕೆಯನ್ನು ಸರ್ವರ್ ಮೊದಲನೆಯದೇ ಎಂದು ಗುರುತಿಸುವಂತೆ ಮಾಡುವುದು ತಂತ್ರಾಂಶ ಬರೆಯುವವರಿಗೆ ಹೊಸ ವಿದ್ಯೆಯೇನಲ್ಲ. ಅದನ್ನು ಮೊದಲೇ ಮಾಡದೆ ದೂರು ಬಂದ ಮೇಲೆ ಸೇರಿಸಲು ಹೊರಟರೆ ಮಾತ್ರ ಕಷ್ಟ.

ಇದಕ್ಕಿಂತ ಮುಖ್ಯವಾದದ್ದು ತಂತ್ರಜ್ಞಾನದ ಪ್ರಶ್ನೆಯಲ್ಲ, ನೀತಿಯದು. ಹಣ ದೃಢಪಡದಿದ್ದಾಗ ಆ ಸಣ್ಣ ಮೊತ್ತದ ಅಪಾಯವನ್ನು ಯಾರು ಹೊರಬೇಕು? ಲಂಡನ್ನಿನ ಸಾರಿಗೆ ಸಂಸ್ಥೆ 2012ರ ಡಿಸೆಂಬರ್‌ನಲ್ಲಿ ಬಸ್ಸುಗಳಲ್ಲಿ ಬ್ಯಾಂಕಿನ ಕಾರ್ಡನ್ನು ತಾಗಿಸಿ ಹೋಗುವ ವ್ಯವಸ್ಥೆ ತಂದಾಗ ಇದೇ ಪ್ರಶ್ನೆ ಎದುರಾಗಿತ್ತು. ಕಾರ್ಡಿನಲ್ಲಿ ಹಣವಿದೆಯೇ ಎಂದು ಬ್ಯಾಂಕನ್ನು ಕೇಳಿ ಉತ್ತರ ಪಡೆಯುವಷ್ಟು ಸಮಯ ಅವರಿಗಿರಲಿಲ್ಲ. ಅವರು ಇಟ್ಟುಕೊಂಡ ಮಿತಿ ಅರ್ಧ ಸೆಕೆಂಡ್. ಹಾಗಾಗಿ ಮೊದಲ ಪ್ರಯಾಣವನ್ನು ನಂಬಿಕೆಯ ಮೇಲೆ ಬಿಡುವುದು, ಹಣ ಬಾರದಿದ್ದರೆ ಆ ಕಾರ್ಡನ್ನು ತಡೆಪಟ್ಟಿಗೆ ಸೇರಿಸಿ ಬಾಕಿ ತೀರಿಸುವವರೆಗೆ ಮುಂದಿನ ಪ್ರಯಾಣಕ್ಕೆ ಬಿಡದಿರುವುದು ಎಂದು ತೀರ್ಮಾನಿಸಿದರು. ಮೊದಲ ಪ್ರಯಾಣದ ನಷ್ಟವನ್ನು ವ್ಯವಸ್ಥೆಯೇ ಹೊತ್ತಿತು, ಪ್ರಯಾಣಿಕರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಬಿಎಂಟಿಸಿಯಲ್ಲಿ ಇದು ಏಕೆ ಸಾಧ್ಯವಾಗಬಾರದು? 2025ರ ಜನವರಿಯ ಏರಿಕೆಯ ನಂತರವೂ ಸಾಮಾನ್ಯ ಬಸ್ಸಿನ ಕನಿಷ್ಠ ದರ 6 ರೂಪಾಯಿ. ಪಾವತಿ ದೃಢಪಡದೆ ಕೆಲವು ಸೆಕೆಂಡು ಕಳೆದರೆ ಆ್ಯಪ್ ಒಂದು ತಾತ್ಕಾಲಿಕ ಟಿಕೆಟ್ ಕೊಡಲಿ. ಹಣ ಕೊನೆಗೂ ಬಾರದಿದ್ದರೆ ಮುಂದಿನ ಖರೀದಿಯಲ್ಲಿ ಅದನ್ನು ಸೇರಿಸಿಕೊಳ್ಳಲಿ. ಬಾಕಿ ಇರುವವರಿಗೆ ಎರಡನೇ ತಾತ್ಕಾಲಿಕ ಟಿಕೆಟ್ ಸಿಗದಿರಲಿ. ಮುಖ್ಯವಾಗಿ, ಆ ಟಿಕೆಟ್‌ನ ಮೊತ್ತ ಕಂಡಕ್ಟರ್‌ರ ವೇಬಿಲ್ ಲೆಕ್ಕಕ್ಕೆ ಬರಲೇಬಾರದು. ಚಿಲ್ಲರೆ ಇಲ್ಲದಾಗ ಟಿಕೆಟ್‌ನ ಹಿಂದೆ ಬಾಕಿ ಬರೆದುಕೊಟ್ಟು 'ಇಳಿಯುವಾಗ ತಗೊಳ್ಳಿ' ಎನ್ನುವ ಪದ್ಧತಿ ನಮ್ಮ ಬಸ್ಸುಗಳಲ್ಲಿ ದಶಕಗಳಿಂದ ಇದೆ, ಆ ಪೆನ್ನಿನ ಗೀಟನ್ನು ನಂಬಿ ಎಷ್ಟೋ ಜನ ಹಣ ಬಿಟ್ಟು ಇಳಿದೂ ಹೋಗಿದ್ದಾರೆ. ಇಷ್ಟು ವರ್ಷ ಪ್ರಯಾಣಿಕರು ನಿಗಮಕ್ಕೆ ಕೊಟ್ಟ ನಂಬಿಕೆಯನ್ನು ನಿಗಮ ಒಂದು ಟಿಕೆಟ್‌ನ ಮಟ್ಟಿಗೆ ಅವರಿಗೆ ಮರಳಿ ಕೊಡುವುದು ನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಯುಪಿಐ ಲೈಟ್‌ನಂಥ, ಪಿನ್ ಬೇಡದ ಸಣ್ಣ ಮೊತ್ತದ ಪಾವತಿ ಈ ತೊಂದರೆಯನ್ನು ಸ್ವಲ್ಪ ತಗ್ಗಿಸುತ್ತದೆ. 2019ರ ಮಾರ್ಚ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್, ಅಂದರೆ ಎನ್‌ಸಿಎಂಸಿ, ಹಣವನ್ನು ಕಾರ್ಡಿನ ಚಿಪ್‌ನಲ್ಲೇ ಇಟ್ಟುಕೊಳ್ಳುವುದರಿಂದ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ನಮ್ಮ ಮೆಟ್ರೊದ ಗೇಟುಗಳಲ್ಲಿ ಅದು ನಡೆಯುತ್ತದೆ. ಆ್ಯಪ್ ಕಾರ್ಡಿಗೆ ಪ್ರತಿಸ್ಪರ್ಧಿಯಾಗಬೇಕಿಲ್ಲ. ಕಾರ್ಡಿಗೆ ಹಣ ತುಂಬಲು, ಬಾಕಿ ನೋಡಲು, ಕಳೆದಾಗ ತಡೆಹಿಡಿಯಲು ಆ್ಯಪ್ ನೆರವಾದರೆ ಎರಡೂ ಬದುಕುತ್ತವೆ.

ಕಂಡಕ್ಟರ್ ನಂಬುವುದು ಹೇಗೆ

ಟಿಕೆಟ್ ಬಂತು ಎಂದುಕೊಳ್ಳೋಣ. ಅದು ನಿಜವಾದದ್ದೇ, ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಅಲ್ಲವೇ, ನಿನ್ನೆಯದಲ್ಲವೇ, ತನಿಖಾ ಸಿಬ್ಬಂದಿ ಬಸ್ಸು ಹತ್ತಿದ್ದನ್ನು ನೋಡಿ ಆಗಷ್ಟೇ ಕೊಂಡದ್ದಲ್ಲವೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಕೊನೆಯ ಪ್ರಶ್ನೆಯನ್ನು ರೈಲ್ವೆ ಬಹಳ ಹಿಂದೆಯೇ ಎದುರಿಸಿತು. ಕಾಯ್ದಿರಿಸದ ಟಿಕೆಟ್‌ಗಾಗಿ 2014ರಲ್ಲಿ ಮುಂಬೈಯಲ್ಲಿ ಆರಂಭವಾದ ಯುಟಿಎಸ್ ಆ್ಯಪ್, ರೈಲು ಹತ್ತಿದ ಮೇಲೆ ಟಿಸಿಯನ್ನು ಕಂಡು ಟಿಕೆಟ್ ಕೊಳ್ಳುವುದನ್ನು ತಡೆಯಲು ಹಳಿಯಿಂದ ಇಷ್ಟು ದೂರದಲ್ಲಿದ್ದರೆ ಮಾತ್ರ ಖರೀದಿ ಎಂಬ ನಿರ್ಬಂಧ ಹಾಕಿತು. ಉದ್ದೇಶ ಸರಿಯಾಗಿಯೇ ಇತ್ತು, ಆದರೆ ನಿಲ್ದಾಣದ ಬಾಗಿಲಿಗೆ ಬಂದ ಪ್ರಾಮಾಣಿಕ ಪ್ರಯಾಣಿಕರೂ ಟಿಕೆಟ್ ಸಿಗದೆ ಹಿಂದಕ್ಕೆ ನಡೆಯಬೇಕಾಯಿತು, ಜಿಪಿಎಸ್ ಅಲುಗಾಡಿದರೆ ಇನ್ನೂ ಗೊಂದಲ. ಮುಂದೆ ನಿಲ್ದಾಣಗಳಲ್ಲಿ ಕ್ಯುಆರ್ ಅಂಟಿಸಿ, ಅದನ್ನು ಸ್ಕ್ಯಾನ್ ಮಾಡಿದರೆ ಒಳಗಿಂದಲೂ ಕೊಳ್ಳಬಹುದು ಎಂಬ ಅನುಕೂಲ ಸೇರಿಸಬೇಕಾಯಿತು. ಆ ಟಿಕೆಟ್ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗದಂತೆ ಮಾಡಿದ್ದೂ ನಕಲು ತಡೆಯಲೆಂದೇ. ರೈಲ್ವೆಯ ಸೇವೆಗಳನ್ನೆಲ್ಲ ಒಂದೆಡೆ ತರಲು 2025ರ ಜುಲೈನಲ್ಲಿ ರೈಲ್‌ಒನ್ ಆ್ಯಪ್ ಬಂದಿದೆ. ಪ್ರಯಾಣಿಕರ ಮೇಲಿನ ಅನುಮಾನಕ್ಕೂ ಅವರ ಅನುಕೂಲಕ್ಕೂ ನಡುವಿನ ಈ ಎಳೆದಾಟ ಮಾತ್ರ ಯಾವ ಹೊಸ ಆ್ಯಪ್‌ನಿಂದಲೂ ತಾನಾಗಿ ಮುಗಿಯುವುದಿಲ್ಲ.

ಬಸ್ಸಿನಲ್ಲಿ ಒಂದು ಅನುಕೂಲವಿದೆ: ಕಂಡಕ್ಟರ್ ಇದ್ದಾರೆ. ಅವರ ಇಟಿಎಂ ಯಂತ್ರ ಸರ್ವರ್‌ನ ನೆರವಿಲ್ಲದೆಯೇ ಕ್ಯುಆರ್ ಪರಿಶೀಲಿಸುವಂತಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಇದಕ್ಕೆ ಬೇಕಾದ ಗಣಿತ ಹಳೆಯದು. ನಿಗಮದ ಸರ್ವರ್ ಟಿಕೆಟ್‌ನ ವಿವರಗಳಿಗೆ ತನ್ನ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತದೆ. ಆ ಸಹಿಯನ್ನು ಪರೀಕ್ಷಿಸಲು ಬೇಕಾದ ಬಹಿರಂಗ ಕೀಲಿಯನ್ನು ಬೆಳಿಗ್ಗೆ ಡಿಪೊದಲ್ಲೇ ಪ್ರತಿ ಯಂತ್ರಕ್ಕೂ ತುಂಬಲಾಗಿರುತ್ತದೆ. ದರ, ಸ್ಟೇಜ್ ಅಥವಾ ದಿನಾಂಕದಲ್ಲಿ ಒಂದಂಕಿ ತಿದ್ದಿದರೂ ಸಹಿ ಹೊಂದುವುದಿಲ್ಲ. ಇಷ್ಟಾದರೂ ಸ್ಕ್ರೀನ್‌ಶಾಟ್ ಉಳಿಯುತ್ತದೆ, ಏಕೆಂದರೆ ಅಸಲಿ ಟಿಕೆಟ್‌ನ ಚಿತ್ರದಲ್ಲಿರುವ ಸಹಿಯೂ ಅಸಲಿಯೇ. ಟಿಕೆಟ್ ಒಂದು ನಿರ್ದಿಷ್ಟ ಬಸ್ಸಿಗೆ ಕಟ್ಟಿದ್ದಾದರೆ ಬೇರೆ ಬಸ್ಸಿನಲ್ಲಿ ಆ ಚಿತ್ರ ನಡೆಯುವುದಿಲ್ಲ, ಅದೇ ಬಸ್ಸಿನಲ್ಲಿ ಎರಡನೇ ಸಲ ತೋರಿಸಿದರೆ ಅದೇ ಯಂತ್ರಕ್ಕೆ ನೆನಪಿರುತ್ತದೆ. ಬಸ್ಸಿನ ಗುರುತಿನಿಂದ ಖರೀದಿ ಆರಂಭವಾಗಬೇಕು ಎಂದು ನಾನು ಒತ್ತಿ ಹೇಳಲು ಇದು ಇನ್ನೊಂದು ಕಾರಣ. ಯಾವ ಬಸ್ಸಿಗಾದರೂ ನಡೆಯುವ ದಿನದ ಪಾಸಿಗೆ ಈ ಉಪಾಯ ಸಾಲದು. ಅಲ್ಲಿ ಕ್ಯುಆರ್ ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತಿರಬೇಕು, ಮತ್ತು ಆ ಬದಲಾವಣೆ ನೆಟ್‌ವರ್ಕ್ ಇಲ್ಲದೆ ಮೊಬೈಲಿನೊಳಗೇ ಆಗಬೇಕು.

ಪ್ರತಿಯೊಬ್ಬರ ಕ್ಯುಆರ್ ಸ್ಕ್ಯಾನ್ ಮಾಡಿ ಎಂದು ಕಂಡಕ್ಟರ್‌ಗೆ ಆದೇಶ ಕೊಡುವುದು ಸುಲಭ. ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯಲ್ಲಿ ಯಂತ್ರ ಹಿಡಿದು, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡು ನಿಂತವರಿಗೆ ಇನ್ನೊಬ್ಬರ ಮೊಬೈಲನ್ನು ಗುರಿಯಿಟ್ಟು ಸ್ಕ್ಯಾನ್ ಮಾಡುವುದು ಸುಲಭವಲ್ಲ. ಹಾಗಾಗಿ ಕಣ್ಣಿಗೇ ಗೊತ್ತಾಗುವ ಗುರುತುಗಳೂ ಬೇಕು: ದಿನಕ್ಕೊಂದು ಬಣ್ಣ, ಪರದೆಯ ಮೇಲೆ ಚಲಿಸುವ ಪಟ್ಟಿ, ಎರಡು ತೋಳಿನ ದೂರದಿಂದ ಓದಬಹುದಾದಷ್ಟು ದೊಡ್ಡಕ್ಷರದಲ್ಲಿ ಬಸ್ ಸಂಖ್ಯೆ ಮತ್ತು ಇಳಿಯುವ ಸ್ಟೇಜ್. ಈ ಪರದೆಯ ಮೊದಲ ಓದುಗರು ಕಂಡಕ್ಟರ್. ಜಾಹೀರಾತು, ರಿಯಾಯಿತಿ ಕೂಪನ್ನು, 'ನಮ್ಮ ಸೇವೆಗೆ ಅಂಕ ಕೊಡಿ' ಎಂಬ ಕೋರಿಕೆ ಇವಕ್ಕೆ ಅಲ್ಲಿ ಜಾಗವಿರಬಾರದು. ಟಿಕೆಟ್ ತೆರೆದೊಡನೆ ಪರದೆಯ ಬೆಳಕು ತಾನಾಗಿ ಹೆಚ್ಚಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಮಂಕಾದ ಮೊಬೈಲ್ ಎಷ್ಟು ಅಸಲಿಯಾದರೂ ಓದಲಾಗದು.

ಆ್ಯಪ್ ಹೊರಗಿಡುವವರು

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಯಾದ ಮೇಲೆ ನಮ್ಮ ಸಾಮಾನ್ಯ ಬಸ್ಸುಗಳ ಪ್ರಯಾಣಿಕರಲ್ಲಿ ದೊಡ್ಡ ಪಾಲು ಹಣ ಕೊಡುವುದೇ ಇಲ್ಲ. ಅವರು ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ, ಆ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಟಿಕೆಟ್ ಎಂದರೆ ಪಾವತಿಯ ರಸೀದಿ ಎಂದುಕೊಂಡು ಕಟ್ಟಿದ ಆ್ಯಪ್‌ನಲ್ಲಿ ಈ ಮಹಿಳೆಯರಿಗೆ ಜಾಗವೇ ಇರುವುದಿಲ್ಲ, ಮತ್ತು ಕಂಡಕ್ಟರ್‌ರ ಕೆಲಸದ ದೊಡ್ಡ ಭಾಗ ಮೊದಲಿನಂತೆಯೇ ಉಳಿಯುತ್ತದೆ. ಒಮ್ಮೆ ವಾಸಸ್ಥಳದ ದಾಖಲೆ ಪರಿಶೀಲನೆಯಾದ ಮೇಲೆ, ಬಸ್ ಸಂಖ್ಯೆ ಮತ್ತು ಇಳಿಯುವ ಜಾಗ ಆರಿಸಿ ಶೂನ್ಯ ಟಿಕೆಟ್ಟನ್ನೂ ಆ್ಯಪ್‌ನಲ್ಲೇ ಪಡೆಯುವಂತಾಗಬೇಕು. ಇದರಲ್ಲಿ ಪಾವತಿಯ ಹಂತವೇ ಇಲ್ಲದಿರುವುದರಿಂದ, ಹೊಸ ವ್ಯವಸ್ಥೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ ಎಂದು ನನಗೆ ತೋರುತ್ತದೆ. ಮೊಬೈಲ್ ಇಲ್ಲದ ಮಹಿಳೆಗೆ ಕಾಗದದ ಶೂನ್ಯ ಟಿಕೆಟ್ ಈಗಿನಂತೆಯೇ ಮುಂದುವರಿಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕನ್ನಡದ ವಿಷಯದಲ್ಲಿ ಗುಂಡಿಗಳ ಮೇಲಿನ ಪದಗಳನ್ನು ಕನ್ನಡಕ್ಕೆ ತಂದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ಮುಗಿಯುವುದು ಹುಡುಕಾಟ ಸರಿಯಾದಾಗ. ಕೆಂಪೇಗೌಡ ಬಸ್ ನಿಲ್ದಾಣವನ್ನು ಜನ ಮೆಜೆಸ್ಟಿಕ್ ಎಂದೇ ಹುಡುಕುತ್ತಾರೆ, ಕೆ.ಆರ್. ಮಾರುಕಟ್ಟೆ ಒಬ್ಬರಿಗೆ ಸಿಟಿ ಮಾರ್ಕೆಟ್, ಇನ್ನೊಬ್ಬರಿಗೆ ಬರೀ ಮಾರ್ಕೆಟ್. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವವರು ಬಹಳ, ಅವರಲ್ಲಿ ಇಬ್ಬರ ಕಾಗುಣಿತ ಒಂದೇ ಇರುವುದಿಲ್ಲ. ಮಾತಿನಲ್ಲೇ ಹೇಳಿ ಹುಡುಕುವ ಅವಕಾಶ ಬೇಕು. ಒತ್ತಕ್ಷರಗಳ ತಲೆ ಅಥವಾ ಬುಡ ಕತ್ತರಿಸಿಹೋಗದಷ್ಟು ಸಾಲಿನ ಎತ್ತರ ಬೇಕು, ಇಂಗ್ಲಿಷಿನ ನಾಲ್ಕಕ್ಷರಕ್ಕೆ ಅಳೆದ ಗುಂಡಿಯಲ್ಲಿ ಕನ್ನಡದ ಪದ ಚುಕ್ಕಿಗಳಲ್ಲಿ ಕೊನೆಯಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಪಡೆಯುವ ಮೊದಲು ಕೊಡಬೇಕಾದ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ. ಒಬ್ಬರು ದಿನವೂ ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ ಎಂಬುದು ಅವರ ಮನೆ, ಕೆಲಸ, ಆಸ್ಪತ್ರೆ ಎಲ್ಲವನ್ನೂ ಹೇಳಿಬಿಡುವ ಮಾಹಿತಿಯಾದ್ದರಿಂದ ಆ ಸೂಚನೆ ಕನ್ನಡದಲ್ಲಿ, ತಿಳಿಯುವ ಕನ್ನಡದಲ್ಲಿ ಇರುವುದು ಅಗತ್ಯ.

ಕಣ್ಣು ಕಾಣದವರಿಗೆ ಕ್ಯುಆರ್ ಎಲ್ಲಿ ಅಂಟಿಸಿದೆ ಎಂಬುದೇ ತಿಳಿಯದು. ಅವರ ಮೊಬೈಲು ಪರದೆಯನ್ನು ಓದಿ ಹೇಳುತ್ತದೆ ನಿಜ, ಆದರೆ ಗುಂಡಿಗಳಿಗೆ ಹೆಸರಿಡದೆ ಬರೀ ಚಿತ್ರ ಇಟ್ಟಿದ್ದರೆ ಓದಲು ಏನೂ ಇರುವುದಿಲ್ಲ. ಕಂಡಕ್ಟರ್ ತಮ್ಮ ಯಂತ್ರದಲ್ಲೇ ಟಿಕೆಟ್ ಸಿದ್ಧಪಡಿಸಿ ಕೊಡುವ ಮೂರನೇ ದಾರಿ ಇಂಥವರಿಗಾಗಿ ಉಳಿದಿರಲೇಬೇಕು.

ದೂರು ಯಾರ ಬಳಿ

ಒಎನ್‌ಡಿಸಿ ಮಾದರಿಯಲ್ಲಿ ಟಿಕೆಟ್ ಮಾರುವ ಆ್ಯಪ್ ಒಬ್ಬರದು, ಅದನ್ನು ನಿಗಮಕ್ಕೆ ಜೋಡಿಸುವ ತಂತ್ರಾಂಶ ಇನ್ನೊಬ್ಬರದು, ಹಣ ಸಾಗಿಸುವವರು ಮೂರನೆಯವರು, ಬಸ್ಸು ಓಡಿಸುವವರು ನಾಲ್ಕನೆಯವರು. ಜನರಿಗೆ ತಮ್ಮಿಷ್ಟದ ಆ್ಯಪ್ ಬಳಸುವ ಸ್ವಾತಂತ್ರ್ಯ ಸಿಗುತ್ತದೆ, ಒಂದೇ ಕಂಪನಿಯ ಹಿಡಿತ ತಪ್ಪುತ್ತದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಟಿಕೆಟ್ ಬಾರದಿದ್ದಾಗ ಈ ನಾಲ್ವರಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರತ್ತ ಕೈ ತೋರಿಸಲು ಸಾಧ್ಯವಿದೆ, ಹನ್ನೆರಡು ರೂಪಾಯಿಗಾಗಿ ನಾಲ್ಕು ಕಡೆ ದೂರು ಬರೆಯುವಷ್ಟು ಪುರುಸೊತ್ತು ಯಾವ ಪ್ರಯಾಣಿಕರಿಗೂ ಇರುವುದಿಲ್ಲ. ಮೆಟ್ರೊ ನಿಲ್ದಾಣದಲ್ಲಾದರೆ ಕೌಂಟರಿನಲ್ಲಿ ಒಬ್ಬ ಸಿಬ್ಬಂದಿ ಕೂತಿರುತ್ತಾರೆ. ಬಸ್ಸಿನಲ್ಲಿ ಆ ದೂರು ಬೀಳುವುದು ಕಂಡಕ್ಟರ್‌ರ ಮೇಲೆ, ಅವರ ಕೈಯಲ್ಲಿ ಅದನ್ನು ಬಗೆಹರಿಸುವ ಯಾವ ಅಧಿಕಾರವೂ ಇಲ್ಲ.

ಆದ್ದರಿಂದ ಬಿಡಿ ಟಿಕೆಟ್ ಮಾರಲು ಹೊರಗಿನ ಆ್ಯಪ್‌ಗಳಿಗೆ ಅನುಮತಿ ಕೊಡುವ ಒಪ್ಪಂದದಲ್ಲೇ ಕೆಲವು ಮಾತುಗಳು ಸ್ಪಷ್ಟವಾಗಿರಬೇಕು. ಯಾವ ಆ್ಯಪ್‌ನಲ್ಲಿ ಕೊಂಡರೂ ಟಿಕೆಟ್‌ನ ಗುರುತಿನ ಸಂಖ್ಯೆ ಒಂದೇ ಇರಬೇಕು, ಆ ಸಂಖ್ಯೆ ಹೇಳಿದರೆ ನಿಗಮದ ಸಹಾಯವಾಣಿಯಲ್ಲೇ ಉತ್ತರ ಸಿಗಬೇಕು. ಹಣ ಮರಳಿಸುವ ಹೊಣೆ ಮೊದಲು ನಿಗಮದ್ದು, ಆಮೇಲೆ ಯಾರಿಂದ ವಸೂಲು ಮಾಡಬೇಕೆಂಬುದು ಅವರವರ ಒಳಗಿನ ಲೆಕ್ಕ. ಬಸ್ಸು ಹತ್ತಿದ ಕ್ಷಣದಿಂದ ಕಂಡಕ್ಟರ್ ಒಪ್ಪಿದ ಟಿಕೆಟ್ ಕೈಗೆ ಬರುವವರೆಗೆ ಎಷ್ಟು ಸೆಕೆಂಡು ಹಿಡಿಯಿತು, ಲಕ್ಷ ಟಿಕೆಟ್‌ಗಳಲ್ಲಿ ಎಷ್ಟರಲ್ಲಿ ಹಣ ಹೋಗಿ ಟಿಕೆಟ್ ಬರಲಿಲ್ಲ ಎಂಬ ಎರಡು ಅಂಕಿಗಳನ್ನು ಪ್ರತಿ ತಿಂಗಳು, ಆ್ಯಪ್‌ವಾರು ಪ್ರಕಟಿಸಬೇಕು. ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬ ಸಂಖ್ಯೆಯನ್ನು ಪ್ರಕಟಿಸಲು ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ಈ ಎರಡನ್ನು ಪ್ರಕಟಿಸಲು ಮಾತ್ರ ಒಪ್ಪಂದದ ಷರತ್ತು ಬೇಕಾಗುತ್ತದೆ, ಮತ್ತು ಅದನ್ನು ಬರೆಸುವ ಕಾಲ ಟೆಂಡರ್ ಕರೆಯುವ ಮೊದಲಿನದು.